ನಿವೃತ್ತಿಯ ಮೊದಲ ವರ್ಷ: ವಾರಕ್ಕೆ ಆಕಾರ ಕೊಡುವುದು ಹೇಗೆ?

ಬೀಳ್ಕೊಡುಗೆಯ ದಿನ ತೊಡಿಸಿದ ಮೈಸೂರು ಪೇಟ ಗಾಜಿನ ಬೀರು ಸೇರಿ, ಗಂಧದ ಹಾರದ ಪರಿಮಳ ಆರುವಷ್ಟರಲ್ಲಿ ನಿವೃತ್ತರ ಬಾಯಲ್ಲಿ ಒಂದು ಹೊಸ ಪ್ರಶ್ನೆ ಕೇಳಿಬರತೊಡಗುತ್ತದೆ: ‘ಇವತ್ತು ಯಾವ ವಾರ?’ ಕಚೇರಿ ಇದ್ದಾಗ ಸೋಮವಾರದ ಸಂಕಟಕ್ಕೂ ಶನಿವಾರದ ನಿರಾಳಕ್ಕೂ ವ್ಯತ್ಯಾಸವಿತ್ತು. ಈಗ ಏಳೂ ದಿನ ಒಂದೇ ಬಣ್ಣದವು. ಪ್ರವಾಸ ಮಾಡುತ್ತೇನೆ, ಒಳ್ಳೆಯ ಹೋಟೆಲುಗಳಲ್ಲಿ ಕುಳಿತು ತಿನ್ನುತ್ತೇನೆ, ಓದದೆ ಉಳಿದ ಪುಸ್ತಕಗಳನ್ನು ಓದುತ್ತೇನೆ, ಹಳೆಯ ಗೆಳೆಯರನ್ನು ಹುಡುಕಿಕೊಂಡು ಹೋಗುತ್ತೇನೆ ಎಂದು ಬೀಳ್ಕೊಡುಗೆಯ ಭಾಷಣದಲ್ಲಿ ಹೇಳದವರು ಅಪರೂಪ. ವರ್ಷ ಕಳೆದ ಮೇಲೆ ಕೇಳಿದರೆ ಈ ನಾಲ್ಕರಲ್ಲಿ ಒಂದನ್ನೂ ಸರಿಯಾಗಿ ಮಾಡಿರುವುದಿಲ್ಲ. ಹಣದ ಕೊರತೆ ಅಥವಾ ಆರೋಗ್ಯದ ತೊಂದರೆ ಕೆಲವರಿಗೆ ಕಾರಣವಿರಬಹುದು. ಹೆಚ್ಚಿನವರಿಗೆ ಅಡ್ಡಿಯಾಗುವುದು ‘ಯಾವಾಗ ಬೇಕಾದರೂ ಮಾಡಬಹುದು’ ಎಂಬ ಸೌಲಭ್ಯವೇ. ನಿವೃತ್ತನಾಗಿ ಐದು ವರ್ಷ ಕಳೆದಿರುವ ನಾನು ಮೊದಲ ವರ್ಷವನ್ನು ಹೀಗೆಯೇ ಹಾಳುಮಾಡಿಕೊಂಡವನು. ಆದ್ದರಿಂದ ಮಾಡಬೇಕಾದ ಕ್ರಮವನ್ನು ಒಂದೊಂದಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗೋಡೆಯ ಕ್ಯಾಲೆಂಡರ್

ಮೊದಲ ಕೆಲಸಕ್ಕೆ ಖರ್ಚಿಲ್ಲ. ದೊಡ್ಡ ಅಕ್ಷರದ ಕ್ಯಾಲೆಂಡರ್ ಒಂದನ್ನು ಊಟದ ಮೇಜಿನ ಎದುರಿಗೆ ತೂಗುಹಾಕಿ, ವಾರದಲ್ಲಿ ಮೂರು ದಿನಗಳನ್ನು ಮಾತ್ರ ಗುರುತು ಮಾಡಿಕೊಳ್ಳಬೇಕು: ಗ್ರಂಥಾಲಯಕ್ಕೆ ಒಂದು, ಹೊರಗಿನ ತಿಂಡಿಗೆ ಒಂದು, ಗೆಳೆಯರಿಗೆ ಒಂದು. ಉಳಿದ ನಾಲ್ಕು ದಿನ ಬ್ಯಾಂಕು, ಡಾಕ್ಟರು, ಮೊಮ್ಮಕ್ಕಳು, ಮದುವೆ ಮುಂಜಿಗಳಿಗೆ ಹೇಗೂ ಹಂಚಿಹೋಗುತ್ತವೆ. ಗುರುತು ಹಾಕುವಾಗ ಊರಿನ ರಜಾದಿನಗಳನ್ನು ತಿಳಿದಿರುವುದು ಲೇಸು. ಸಾರ್ವಜನಿಕ ಗ್ರಂಥಾಲಯಗಳು ಸೋಮವಾರ ಬಾಗಿಲು ಹಾಕಿರುತ್ತವೆ. ಬೆಂಗಳೂರಿನ ಗಾಂಧಿಬಜಾರಿನ ವಿದ್ಯಾರ್ಥಿ ಭವನ ಹೋಟೆಲಿಗೆ ಶುಕ್ರವಾರ ರಜೆ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ. ಶನಿವಾರ ಮತ್ತು ಭಾನುವಾರಗಳನ್ನು ಇನ್ನೂ ದುಡಿಯುತ್ತಿರುವವರಿಗೆ ಬಿಟ್ಟುಕೊಡುವುದು ಒಳ್ಳೆಯದು. ಅದರಲ್ಲಿ ಔದಾರ್ಯಕ್ಕಿಂತ ಸ್ವಾರ್ಥವೇ ಹೆಚ್ಚು, ಏಕೆಂದರೆ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಖಾಲಿ ಹೋಟೆಲಿನಲ್ಲಿ ಕಿಟಕಿ ಪಕ್ಕದ ಮೇಜು ಸಿಗುವ ಸುಖ ನಿವೃತ್ತರಿಗಲ್ಲದೆ ಬೇರೆ ಯಾರಿಗೂ ದಕ್ಕುವುದಿಲ್ಲ.

ಹಣದ ಮಾತು, ಒಂದೇ ಪ್ಯಾರಾದಲ್ಲಿ

ಸುತ್ತಾಟದ ಹಣ ಮನೆಖರ್ಚಿನ ಹಣದೊಡನೆ ಬೆರೆತರೆ ಪ್ರತಿ ಬಾರಿಯೂ ‘ಇದು ಬೇಕಿತ್ತೇ’ ಎಂಬ ತಕರಾರು ಏಳುತ್ತದೆ. ಅಂಚೆ ಕಚೇರಿ ಮತ್ತು ಬ್ಯಾಂಕುಗಳಲ್ಲಿರುವ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷ ರೂಪಾಯಿಯವರೆಗೆ ಇಡಬಹುದು. ಅದರ ಬಡ್ಡಿ ಏಪ್ರಿಲ್, ಜುಲೈ, ಅಕ್ಟೋಬರ್ ಮತ್ತು ಜನವರಿಯಲ್ಲಿ, ಅಂದರೆ ವರ್ಷಕ್ಕೆ ನಾಲ್ಕು ಬಾರಿ, ಖಾತೆಗೆ ಬೀಳುತ್ತದೆ. ಶೇ 8.2ರ ದರದಲ್ಲಿ 10 ಲಕ್ಷ ಇಟ್ಟವರಿಗೆ ಪ್ರತಿ ಬಾರಿ 20,500 ರೂಪಾಯಿ ಬರುತ್ತದೆ (ಈ ಬಡ್ಡಿಗೆ ಆದಾಯ ತೆರಿಗೆ ಉಂಟು ಎಂಬುದು ನೆನಪಿರಲಿ). ನಾಲ್ಕು ಕಂತು, ನಾಲ್ಕು ಪ್ರವಾಸ: ಲೆಕ್ಕ ಇಷ್ಟು ಸರಳವಾಗಿದ್ದರೆ ಮನೆಯಲ್ಲಿ ಯಾರೂ ಪ್ರಶ್ನಿಸುವುದಿಲ್ಲ.

ಮೆಟ್ಟಿಲಿರುವ ಊರು ಮೊದಲು

ಪ್ರವಾಸದ ಪಟ್ಟಿಯನ್ನು ದೂರದ ಲೆಕ್ಕದಲ್ಲಾಗಲೀ ಪ್ರಸಿದ್ಧಿಯ ಲೆಕ್ಕದಲ್ಲಾಗಲೀ ಮಾಡದೆ ಮಂಡಿಯ ಲೆಕ್ಕದಲ್ಲಿ ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಚಿತ್ರದುರ್ಗದ ಕೋಟೆ, ಬಾದಾಮಿಯ ಗುಹೆಗಳು, ಗೋಲಗುಂಬಜದ ಪಿಸುಗುಟ್ಟುವ ಗ್ಯಾಲರಿಗೆ ಏರಿಸುವ ಮೂಲೆ ಗೋಪುರದ ಕಿರಿದಾದ ಪಾವಟಿಗೆಗಳು, ಇವೆಲ್ಲ 61ನೇ ವಯಸ್ಸಿನ ಕೆಲಸ. ಬೇಲೂರು, ಸೋಮನಾಥಪುರ, ಉಡುಪಿಗಳು ಕಾಯುತ್ತವೆ, 75ರಲ್ಲೂ ನೋಡಬಹುದು. ನಮ್ಮಲ್ಲಿ ಬಹುತೇಕರು ಇದನ್ನು ತಿರುಗುಮುರುಗು ಮಾಡಿ, ಸುಲಭದ ಊರುಗಳನ್ನು ಮೊದಲು ಮುಗಿಸಿ, ಆಮೇಲೆ ಬೆಟ್ಟದ ಬುಡದಲ್ಲಿ ಕುಳಿತು ಚೀಲ ಕಾಯುತ್ತಾರೆ.

ಎರಡನೆಯ ನಿಯಮ: ಒಂದೇ ಊರಿನಲ್ಲಿ ಕನಿಷ್ಠ ಎರಡು ರಾತ್ರಿ ತಂಗಬೇಕು. ನನ್ನ ಮೊದಲ ಪ್ರವಾಸ ನಲವತ್ತು ಜನರ ತಂಡದ ಜೊತೆಗಿನ ಎಂಟು ದಿನದ ಓಟವಾಗಿತ್ತು. ಬೆಳಗಿನ ನಾಲ್ಕೂವರೆಗೆ ಬಾಗಿಲು ಬಡಿದು ಎಬ್ಬಿಸಿ, ಹನ್ನೊಂದು ದೇವಸ್ಥಾನ ತೋರಿಸಿ, ಒಂದನ್ನೂ ನೆನಪಿನಲ್ಲಿ ಉಳಿಯಗೊಡದೆ ಮನೆಗೆ ತಂದುಬಿಟ್ಟರು. ಅದು ಕಚೇರಿಯ ಹಾಜರಿಗಿಂತ ಕಠಿಣವಾಗಿತ್ತು.

ಉದಾಹರಣೆಗೆ ಬಾದಾಮಿಯನ್ನೇ ತೆಗೆದುಕೊಳ್ಳೋಣ. ಬೇಸಿಗೆಯಲ್ಲಿ ಆ ಬಂಡೆಗಳು ಕಾದ ಕಾವಲಿಯಂತಿರುವುದರಿಂದ ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಬೇಕು. ಪಿಂಚಣಿದಾರರು ನವೆಂಬರಿನಲ್ಲಿ ಸಲ್ಲಿಸಬೇಕಾದ ಜೀವಿತ ಪ್ರಮಾಣಪತ್ರವನ್ನು ಮುಖ ಗುರುತಿಸುವ ಆ್ಯಪ್ ಮೂಲಕ ಮನೆಯಲ್ಲೇ ಮುಗಿಸಿ ಹೊರಟರೆ ಮನಸ್ಸು ಹಗುರ. ಮೈಸೂರಿನಿಂದ ಬೆಂಗಳೂರು, ಹುಬ್ಬಳ್ಳಿ ಮಾರ್ಗವಾಗಿ ಹೋಗುವ ಗೋಲಗುಂಬಜ್ ಎಕ್ಸ್‌ಪ್ರೆಸ್ ಬಾದಾಮಿಗೂ ವಿಜಯಪುರಕ್ಕೂ ತಲುಪಿಸುತ್ತದೆ. ಹಿರಿಯರಿಗೆ ರೈಲಿನಲ್ಲಿದ್ದ ರಿಯಾಯಿತಿ ದರವನ್ನು 2020ರ ಮಾರ್ಚಿನಲ್ಲಿ ತೆಗೆದವರು ಮತ್ತೆ ಕೊಟ್ಟಿಲ್ಲ. ಆದರೆ ಕೆಳಗಿನ ಬರ್ತಿನ ಕೋಟಾ ಉಳಿದಿದೆ. 60 ತುಂಬಿದ ಗಂಡಸರು, 45 ತುಂಬಿದ ಹೆಂಗಸರು ಇದಕ್ಕೆ ಅರ್ಹರು. ಇಲ್ಲೊಂದು ಸೂಕ್ಷ್ಮವಿದೆ: ಒಂದು ಟಿಕೆಟ್ಟಿನಲ್ಲಿ ಒಬ್ಬರೋ ಇಬ್ಬರೋ ಇದ್ದರೆ ಮಾತ್ರ ಈ ಕೋಟಾ ಅನ್ವಯಿಸುತ್ತದೆ. ನಾಲ್ವರು ಗೆಳೆಯರು ಒಟ್ಟಿಗೆ ಹೊರಟಾಗ ಒಂದೇ ಟಿಕೆಟ್ ಮಾಡಿಸದೆ ಇಬ್ಬಿಬ್ಬರಂತೆ ಎರಡು ಟಿಕೆಟ್ ಮಾಡಿಸಬೇಕು, ಮತ್ತು ಪ್ರೀತಿಯಿಂದ ಟಿಕೆಟ್ ಮಾಡಿಸಿಕೊಡುವ ಮಗನಿಗೆ ಇದನ್ನು ಮೊದಲೇ ಹೇಳಿರಬೇಕು. ಮುಂಗಡ ಕಾಯ್ದಿರಿಸುವ ಅವಧಿ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನಕ್ಕೆ ಇಳಿದಿರುವುದರಿಂದ ಕಾಯ್ದಿರಿಸಲು ಶುರುವಾಗುವ ದಿನಾಂಕವನ್ನೂ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳುವುದು ಅಗತ್ಯ.

ಬಾದಾಮಿಯಲ್ಲಿ ಮೊದಲ ಬೆಳಿಗ್ಗೆ, ಬಿಸಿಲೇರುವ ಮುನ್ನ, ಗುಹೆಗಳಿಗೆ ಹೋಗಬೇಕು. ನಾಲ್ಕರಲ್ಲಿ ಮೂರನೆಯದು ದೊಡ್ಡದು. ಚಾಲುಕ್ಯ ಮಂಗಳೇಶ ಹಾಕಿಸಿದ ಅದರ ಶಾಸನ ಕ್ರಿ.ಶ. 578ರದು. ಸಂಜೆ ಅಗಸ್ತ್ಯ ತೀರ್ಥದ ದಂಡೆಯಲ್ಲಿ ನಡೆದರೆ ಸಾಕು. ಎರಡನೆಯ ದಿನ 22 ಕಿಲೋಮೀಟರ್ ದೂರದ ಪಟ್ಟದಕಲ್ಲು, ಶಕ್ತಿಯಿದ್ದರೆ ಅಲ್ಲಿಂದ ಮುಂದಕ್ಕೆ ಐಹೊಳೆ. ಮಧ್ಯಾಹ್ನದ ಹೊತ್ತಿಗೆ ಬನಶಂಕರಿ ದೇವಸ್ಥಾನದ ಹೊಂಡದ ಬಳಿ ಇರುವಂತೆ ನೋಡಿಕೊಂಡರೆ, ಬುಟ್ಟಿ ಹೊತ್ತು ಬರುವ ಹೆಂಗಸರು ಜೋಳದ ರೊಟ್ಟಿ, ಕಾಳು ಪಲ್ಯ, ಕೆಂಪು ಚಟ್ನಿ, ಮೊಸರು ಬಡಿಸುತ್ತಾರೆ. ಆ ಊಟದ ಮುಂದೆ ಬಫೆಯ ಹದಿನೆಂಟು ಬಗೆಗಳೂ ಸಪ್ಪೆ.

ರೈಲಿಗಾಗಿಯೇ ರೈಲು ಹತ್ತುವ ಪ್ರವಾಸವೂ ಒಂದಿರಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳಿವೆ. ಅದನ್ನು ಹಗಲಿನ ರೈಲಿನಲ್ಲಿ, ಮಳೆ ಸ್ವಲ್ಪ ತಗ್ಗಿದ ಸೆಪ್ಟೆಂಬರ್‌ನಲ್ಲಿ ನೋಡಬೇಕು. ಹಳಿಯ ಕೆಲಸಕ್ಕೋ ಭೂಕುಸಿತಕ್ಕೋ ಈ ಮಾರ್ಗದ ಸಂಚಾರ ನಿಲ್ಲುವುದುಂಟು, ವಿಚಾರಿಸಿಯೇ ಹೊರಡಿ. ಬಸ್ಸಿನ ಪ್ರಯಾಣವಾದರೆ 60 ದಾಟಿದವರಿಗೆ ಕೆಎಸ್‌ಆರ್‌ಟಿಸಿಯಲ್ಲಿ ಶೇ 25ರ ರಿಯಾಯಿತಿ ಇದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳು ಉಚಿತ. ಅಕ್ಕತಂಗಿಯರು, ವಾರಗಿತ್ತಿಯರು ಈ ಯೋಜನೆಯನ್ನು ಬಳಸಿಕೊಳ್ಳುವ ಚುರುಕನ್ನು ನೋಡಿದರೆ ಪ್ರವಾಸದ ವಿಷಯದಲ್ಲಿ ಗಂಡಸರು ಕಲಿಯಬೇಕಾದದ್ದು ಬಹಳವಿದೆ ಎನಿಸುತ್ತದೆ.

ಅಡುಗೆಮನೆಗೂ ನಿವೃತ್ತಿ

ಹೊರಗೆ ತಿನ್ನುವುದನ್ನು ದುಂದು ಎಂದು ಭಾವಿಸುವ ಗೃಹಸ್ಥರಿಗೆ ಒಂದು ಮಾತು. ನಿಮಗೆ ನಿವೃತ್ತಿಯ ಆದೇಶವನ್ನು ಸರ್ಕಾರವೋ ಬ್ಯಾಂಕೋ ಕೊಟ್ಟಿತು. ಮನೆಯಲ್ಲಿ ನಲವತ್ತು ವರ್ಷ ಒಲೆಯ ಮುಂದೆ ನಿಂತವರಿಗೆ ಅಂಥ ಆದೇಶವನ್ನು ಯಾರೂ ಕೊಟ್ಟಿಲ್ಲ. ಅದರ ಮೇಲೆ ಹಿಂದೆ ಡಬ್ಬಿ ಕಟ್ಟಿಸಿಕೊಂಡು ಹೋಗುತ್ತಿದ್ದ ಮನುಷ್ಯ ಈಗ ಮನೆಯಲ್ಲೇ ಕುಳಿತು ಹನ್ನೊಂದಕ್ಕೊಂದು, ನಾಲ್ಕಕ್ಕೊಂದು ಕಾಫಿ ಕೇಳುತ್ತಾನೆ. ಆದ್ದರಿಂದ ವಾರಕ್ಕೊಂದು ದಿನವಾದರೂ ಅಡುಗೆಮನೆಗೆ ಬೀಗ ಹಾಕುವುದು ವಿಲಾಸದ ಲೆಕ್ಕಕ್ಕೆ ಸೇರದು. ಅದು ತೀರಿಸಬೇಕಾದ ಬಾಕಿ.

ಹೋಟೆಲನ್ನು ಆರಿಸುವಾಗ ಕುಳಿತುಕೊಳ್ಳಲು ಜಾಗವಿದೆಯೇ ಎಂದು ಮೊದಲು ನೋಡಬೇಕು. ನಿಂತು ತಿನ್ನುವ ದರ್ಶಿನಿಗಳು ಬೆಂಗಳೂರಿನ ಅವಸರಕ್ಕೆ ಹುಟ್ಟಿದವು, ನಮಗೆ ಅವಸರವಿಲ್ಲ. ಬೆಳಗಿನ ಹತ್ತೂವರೆಯಿಂದ ಹನ್ನೆರಡು, ಮಧ್ಯಾಹ್ನ ಮೂರರಿಂದ ನಾಲ್ಕೂವರೆ ಪ್ರಶಸ್ತವಾದ ಹೊತ್ತು. ಹಳೆಯ ಹೋಟೆಲುಗಳನ್ನು ಒಂದೊಂದಾಗಿ ಹಿಡಿಯುವುದು ಒಂದು ಕ್ರಮ: 1924ರಲ್ಲಿ ಆರಂಭವಾದ ಎಂಟಿಆರ್‌ನಲ್ಲಿ ರವೆ ಇಡ್ಲಿ, 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದಲ್ಲಿ ಗರಿಗರಿ ಮಸಾಲೆ, ಮಲ್ಲೇಶ್ವರದ ಸಿಟಿಆರ್‌ನಲ್ಲಿ ಬೆಣ್ಣೆ ಮಸಾಲೆ, ಮೈಸೂರಿನ ನಜರ್‌ಬಾದಿನಲ್ಲಿ ಮೈಲಾರಿ ದೋಸೆ, ದಾವಣಗೆರೆಗೆ ಹೋದಾಗ ಅಲ್ಲಿಯದೇ ಬೆಣ್ಣೆ ದೋಸೆ. ಇವುಗಳಲ್ಲಿ ಯಾವುದು ಮೇಲು ಎಂಬ ವಾದವನ್ನು ಬಗೆಹರಿಸಬಾರದು. ಅದು ವರ್ಷಗಟ್ಟಲೆ ನಡೆಯಬೇಕಾದ ವಾದ.

ಬಿ.ಪಿ., ಸಕ್ಕರೆ ಕಾಯಿಲೆ ಇರುವವರು ವೈದ್ಯರ ಮಾತಿಗೆ ಎದುರು ಹೋಗಬೇಕಿಲ್ಲ. ನಾಲ್ವರು ಸೇರಿದಾಗ ಎರಡು ಮಸಾಲೆ, ಎರಡು ಪ್ಲೇಟ್ ಇಡ್ಲಿ, ಒಂದೇ ಒಂದು ಕೇಸರಿಬಾತು, ನಾಲ್ಕು ಚಮಚ ಮತ್ತು ಎರಡು ಬೈಟು ಕಾಫಿ ತರಿಸಿದರೆ ರುಚಿಗಳೆಲ್ಲ ನಾಲಿಗೆಗೆ ತಾಕುತ್ತವೆ, ಹೊಟ್ಟೆಗೆ ಭಾರವಾಗುವುದಿಲ್ಲ. ಬಿಲ್ಲಿಗೆ ಸರದಿ ಇರಲಿ, ಸರದಿಯನ್ನು ಒಬ್ಬರು ಬರೆದಿಡಲಿ. ‘ನಾನು ಕೊಡುತ್ತೇನೆ’ ಎಂಬ ಎಳೆದಾಟದಿಂದ ಕೆಟ್ಟ ಸ್ನೇಹಗಳನ್ನು ನಾನು ಕಂಡಿದ್ದೇನೆ.

ಓದು: ತೆರಿಗೆಯಲ್ಲಿ ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವುದು

ಮನೆ ಕಂದಾಯದ ರಸೀದಿಯನ್ನು ಒಮ್ಮೆ ಗಮನವಿಟ್ಟು ನೋಡಿ. ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾವು ವರ್ಷವರ್ಷವೂ ಕಟ್ಟುತ್ತಾ ಬಂದಿದ್ದೇವೆ, ಆದರೆ ಬಡಾವಣೆಯ ಗ್ರಂಥಾಲಯ ಎಲ್ಲಿದೆ ಎಂದರೆ ಅನೇಕರಿಗೆ ಗೊತ್ತಿಲ್ಲ. ಆಧಾರ್ ಪ್ರತಿ, ಭಾವಚಿತ್ರ, ಅಲ್ಪ ಠೇವಣಿಯೊಡನೆ ಸದಸ್ಯತ್ವ ಪಡೆಯುವುದು ಓದಿನ ಮೊದಲ ಹೆಜ್ಜೆ. ಬೆಂಗಳೂರಿನವರು ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋದರೆ ಮರಗಳ ನೆರಳಿನ ನಡಿಗೆಯೂ ಜೊತೆಗೆ ದಕ್ಕುತ್ತದೆ. ಮನೆಯಲ್ಲಿ ಕುಳಿತು ಓದುತ್ತೇನೆ ಎಂಬ ಸಂಕಲ್ಪ ಟಿ.ವಿ. ಧಾರಾವಾಹಿಯ ಮುಂದೆ ನಿಲ್ಲುವುದಿಲ್ಲ. ಹಿಂದಿರುಗಿಸಬೇಕಾದ ದಿನಾಂಕದ ಮೊಹರು ಬಿದ್ದ ಪುಸ್ತಕಕ್ಕೆ ಆ ಬಲವಿದೆ.

ಏನನ್ನು ಓದಬೇಕು? ಕೊಂಡು ಧೂಳು ಹಿಡಿಸಿದ ಮಹಾಕಾವ್ಯದಿಂದ ಆರಂಭಿಸಿದವರು ಸಾಮಾನ್ಯವಾಗಿ ಮೂವತ್ತನೇ ಪುಟದಲ್ಲಿ ನಿಂತುಬಿಡುತ್ತಾರೆ. ಮುಂದಿನ ಪ್ರವಾಸದ ಊರಿನ ಕುರಿತ ಪುಸ್ತಕವನ್ನು ಮೊದಲು ಹಿಡಿಯುವುದೇ ಸರಿಯಾದ ಉಪಾಯ. ಬಾದಾಮಿಯ ಕೆರೆಯಾಚೆಯ ಬಂಡೆಯ ಮೇಲೆ ಸುಮಾರು 1300 ವರ್ಷ ಹಿಂದಿನ ಕಪ್ಪೆ ಅರಭಟ್ಟನ ಶಾಸನವಿದೆ; ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಎಂಬ ಅದರ ತ್ರಿಪದಿಯ ಸಾಲನ್ನು ಮನೆಯಲ್ಲೇ ಓದಿಕೊಂಡು ಹೋದವನಿಗೆ ಅದು ಮಾತನಾಡುವ ಬಂಡೆ, ಓದದೆ ಹೋದವನಿಗೆ ಫೋಟೋದ ಹಿನ್ನೆಲೆ. ಕಣ್ಣು ಮಂಜಾಗಿದ್ದರೆ ಪೊರೆಯ ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಡಿ. ಓದಲು ಆಗದ ದಿನ ಯಾರಾದರೂ ಓದಿ ಹೇಳುವುದನ್ನು ಕೇಳುವುದು ನಮಗೆ ಹೊಸದೇನಲ್ಲ. ಗಮಕದ ನಾಡು ಇದು.

ಗೆಳೆಯರು: ಹಳಬರು ಸಾಲರು

ಸಹೋದ್ಯೋಗಿಗಳೆಲ್ಲ ಗೆಳೆಯರಲ್ಲ ಎಂಬುದು ನಿವೃತ್ತಿಯ ಆರನೇ ತಿಂಗಳಿಗೆ ತಿಳಿಯುತ್ತದೆ. ಯಾರಿಗೆ ಬಡ್ತಿ, ಯಾರಿಗೆ ವರ್ಗ ಎಂಬ ಮಾತು ಮುಗಿದ ಮೇಲೆ ಇಬ್ಬರ ನಡುವೆ ಉಳಿಯುವುದೇನು ಎಂಬುದೇ ಪರೀಕ್ಷೆ. ಉಳಿದ ಇಬ್ಬರು ಮೂವರನ್ನು ಬಿಡದೆ ಹಿಡಿದುಕೊಳ್ಳಿ, ಜೊತೆಗೆ ವಿಷಯದ ಮೂಲಕ ಹೊಸಬರನ್ನು ಹುಡುಕಿ. ಬಸವನಗುಡಿಯ ವರ್ಲ್ಡ್ ಕಲ್ಚರ್ ಸಂಸ್ಥೆ, ಡಿವಿಜಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಊರೂರಿನ ಸಾಹಿತ್ಯ ಪರಿಷತ್ತಿನ ಘಟಕಗಳಲ್ಲಿ ಸಂಜೆಯ ಉಪನ್ಯಾಸಗಳು ನಡೆಯುತ್ತವೆ. ಒಂದೇ ಸಾಲಿನಲ್ಲಿ ಮೂರು ವಾರ ಕುಳಿತವರು ನಾಲ್ಕನೆಯ ವಾರ ತಾವಾಗಿಯೇ ಮಾತಿಗಿಳಿಯುತ್ತಾರೆ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ಏರಿ ಈ ಕೆಲಸವನ್ನು ಉಪನ್ಯಾಸವಿಲ್ಲದೆಯೇ ಮಾಡಿಕೊಡುತ್ತದೆ. ವಾಟ್ಸ್‌ಆ್ಯಪ್‌ನ ಶುಭೋದಯದ ಹೂಗುಚ್ಛವನ್ನು ಮಾತ್ರ ಸ್ನೇಹವೆಂದು ಎಣಿಸಬೇಡಿ.

ನಾಲ್ಕೈದು ಜನರ ಗುಂಪು ಸಾಕು. ಗುಂಪು ಹತ್ತಾದರೆ ಪದಾಧಿಕಾರಿಗಳು ಬರುತ್ತಾರೆ, ಪದಾಧಿಕಾರಿಗಳು ಬಂದರೆ ಸನ್ಮಾನ ಶುರುವಾಗುತ್ತದೆ. ಭೇಟಿಯ ದಿನ, ಜಾಗ, ಹೊತ್ತು ಬದಲಾಗದಿರಲಿ. ಫೋನ್ ಮಾಡಿ ಕೇಳುವ ಅಗತ್ಯವೇ ಇರಬಾರದು. ನಮ್ಮದು ಬುಧವಾರ, ಹನ್ನೊಂದು ಗಂಟೆ. ಯಾರಾದರೂ ಎರಡು ಬುಧವಾರ ಕಾಣದಿದ್ದರೆ ಮೂರನೆಯ ವಾರ ಉಳಿದವರು ಅವರ ಮನೆಗೇ ಹೋಗುತ್ತೇವೆ. ಕಳೆದ ವರ್ಷ ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಬಾದಾಮಿಗೆ ಬರಲಾಗದ ಗೆಳೆಯರೊಬ್ಬರಿಗೆಂದು ಅಲ್ಲಿಂದ ಖಡಕ್ ರೊಟ್ಟಿಯ ಕಟ್ಟೊಂದನ್ನೂ ಶೇಂಗಾ ಚಟ್ನಿಪುಡಿಯನ್ನೂ ತಂದಿದ್ದೆವು. ಒಣಗಿಸಿದ ಆ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಚೀಲದ ತಳದಲ್ಲಿ ಇಡದೆ, ಪತ್ರಿಕೆಯಲ್ಲಿ ಸುತ್ತಿ ಬಟ್ಟೆಗಳ ಮೇಲೆ ಇಟ್ಟು ತಂದರೆ ಮುರಿಯುವುದೂ ಇಲ್ಲ.