‘ಹ’ ಎಂದರೆ ಹಳದಿಯೋ ಹಸಿರೋ?

ನಮ್ಮದು ಬಯಲುಸೀಮೆಯ ಒಂದು ತಾಲ್ಲೂಕು ಆಸ್ಪತ್ರೆ. ಅಂದಿನ ರಾತ್ರಿ ಪಾಳಿಯಲ್ಲಿ ನಾನೊಬ್ಬನೇ ವೈದ್ಯ, ಇಬ್ಬರು ಶುಶ್ರೂಷಕಿಯರು, ಒಬ್ಬ ಸಹಾಯಕ. ಬೆಳಗಿನ ಜಾವ 4.30ರ ಸುಮಾರಿಗೆ ಜಾತ್ರೆ ಮುಗಿಸಿ ಮರಳುತ್ತಿದ್ದ ಟೆಂಪೊ ಹೆದ್ದಾರಿಯ ತಿರುವಿನಲ್ಲಿ ಮಗುಚಿಕೊಂಡಿತು. ಅರ್ಧ ಗಂಟೆಯೊಳಗೆ 17 ಮಂದಿ ಬಾಗಿಲಿಗೆ ಬಂದರು, ಕೆಲವರು 108ರಲ್ಲಿ, ಹೆಚ್ಚಿನವರು ಹಾಲಿನ ವ್ಯಾನಿನಲ್ಲಿ.

ನಾನು ಮೊದಲು ಸ್ಟೆತಸ್ಕೋಪ್ ಹಿಡಿಯಲಿಲ್ಲ, ಕೂಗು ಹಾಕಿದೆ: ‘ನಡೆಯಲು ಆಗುವವರೆಲ್ಲ ಹೊಂಗೆಮರದ ಕಟ್ಟೆಗೆ ಹೋಗಿ ಕುಳಿತುಕೊಳ್ಳಿ.’ ಒಂಬತ್ತು ಮಂದಿ ಎದ್ದು ಹೋದರು, ಅವರು ಹಸಿರು ಗುಂಪು, ಕಾಯಬಲ್ಲವರು. ಕ್ಯಾಲಿಫೋರ್ನಿಯಾದಲ್ಲಿ 1980ರ ದಶಕದಲ್ಲಿ ರೂಪುಗೊಂಡ, ಗಾಯಾಳುಗಳನ್ನು ತುರ್ತಿಗೆ ತಕ್ಕಂತೆ ಬಣ್ಣದ ಗುಂಪುಗಳಾಗಿ ವಿಂಗಡಿಸುವ ‘ಸ್ಟಾರ್ಟ್’ ವಿಧಾನದ ಮೊದಲ ಮೆಟ್ಟಿಲು ಇದು. ಉಳಿದ ಎಂಟು ಮಂದಿಗೆ ತಲಾ ಅರ್ಧ ನಿಮಿಷ. ಉಸಿರು ನಿಮಿಷಕ್ಕೆ 30 ದಾಟಿದೆಯೇ? ಉಗುರನ್ನು ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಕೆಂಪು ಮರಳುತ್ತದೆಯೇ? ‘ನನ್ನ ಕೈ ಹಿಸುಕು’ ಎಂದರೆ ಹಿಸುಕುತ್ತಾರೆಯೇ? ಒಂದು ತಪ್ಪಿದರೂ ಕೆಂಪು ಗುಂಪು, ಅವರಿಗೇ ಮೊದಲ ಚಿಕಿತ್ಸೆ. ಮೂರೂ ಸರಿಯಿದ್ದರೆ ಹಳದಿ, ಅವರ ನಂತರದವರು. ಈ ಸುತ್ತಿನಲ್ಲಿ ಚಿಕಿತ್ಸೆ ಎಂದರೆ ಎರಡೇ: ಉಸಿರಿನ ದಾರಿ ಬಿಡಿಸುವುದು, ಸುರಿಯುವ ರಕ್ತವನ್ನು ಬಟ್ಟೆಯಿಂದ ಅದುಮಿ ಹಿಡಿಯುವುದು. ದಾರಿ ಬಿಡಿಸಿದರೂ ಉಸಿರಾಡದವರು ಕಪ್ಪು. ಒಬ್ಬರಿಗೆ ಅದನ್ನು ಬರೆಯಬೇಕಾಯಿತು. ಅವರ ಮಗ ಪಕ್ಕದಲ್ಲೇ ನಿಂತಿದ್ದ.

ಬರೆದದ್ದು ಎಲ್ಲಿ ಎಂದಿರಾ? ಬಣ್ಣದ ಪಟ್ಟಿಗಳು ನಮ್ಮ ಉಗ್ರಾಣದಲ್ಲಿ ಇರಲಿಲ್ಲ. ಹಣೆಗೆ ಅಂಟುಪಟ್ಟಿ ಹಚ್ಚಿ ಪೆನ್ನಿನಲ್ಲಿ ಮೊದಲ ಅಕ್ಷರ ಗೀಚಿದೆ. ಕೆಂಪಿಗೆ ‘ಕೆ’, ಕಪ್ಪಿಗೆ ‘ಕ’, ಹಳದಿಗೆ ‘ಹ’. ಹಸಿರಿಗೂ ‘ಹ’! ಇಂಗ್ಲಿಷಿನಲ್ಲಿ ಕಲಿತದ್ದನ್ನು ಗಡಿಬಿಡಿಯಲ್ಲಿ ಕನ್ನಡಕ್ಕೆ ಇಳಿಸಿದ ನನ್ನ ಜಾಣತನ.

ಕಟ್ಟೆಗೆ ನಡೆದುಹೋದವರಲ್ಲಿ ಅರವತ್ತು ದಾಟಿದ ಅಜ್ಜ ಒಬ್ಬರಿದ್ದರು. ಚಳಿ ಎಂದು ಒಳಬಂದು ಹಳದಿಯವರ ನಡುವೆ ಬೆಂಚಿನ ಮೇಲೆ ಒರಗಿದ್ದಾರೆ. ನನ್ನ ಲೆಕ್ಕದಲ್ಲಿ ಅವರು ಹಸಿರು. ಹಣೆಯ ‘ಹ’ವನ್ನು ಹಳದಿ ಎಂದು ಓದಿದ ಶುಶ್ರೂಷಕಿ ಅವರನ್ನು ಮತ್ತೊಮ್ಮೆ ಪರೀಕ್ಷಿಸಿದರು. ನಾಡಿ 76, ರಕ್ತದೊತ್ತಡ 104/80. ನಾನಾಗ ತೊಡೆಮೂಳೆ ಮುರಿದ ಹುಡುಗನ ಕಾಲಿಗೆ ಪಟ್ಟಿ ಕಟ್ಟುತ್ತಿದ್ದೆ. ಒಂದು ತೊಡೆಯೊಳಗೆ ಒಂದು ಲೀಟರಿಗೂ ಹೆಚ್ಚು ರಕ್ತ ಅಡಗಿ ಕುಳಿತುಕೊಳ್ಳಬಲ್ಲದು. ‘76 ತಾನೇ, ಇರಲಿ’ ಎಂದೆ. ಆಕೆ ಬಿಡಲಿಲ್ಲ: ‘ಮಲಗಿದರೆ ಎಡಭುಜ ನೋಯುತ್ತದಂತೆ ಸರ್. ಭುಜದ ಮೇಲೆ ತರಚಿದ ಗುರುತೂ ಇಲ್ಲ.’

ಪೆಟ್ಟಿಲ್ಲದ ಎಡಭುಜದ ನೋವು ಹೊಟ್ಟೆಯ ಎಡಮೇಲ್ಭಾಗದಲ್ಲಿರುವ ಗುಲ್ಮದ (ಸ್ಪ್ಲೀನ್) ಸುದ್ದಿ ಹೇಳುತ್ತಿರಬಹುದು. ಗುಲ್ಮ ಒಡೆದು ಸೋರಿದ ರಕ್ತ ಎದೆ, ಹೊಟ್ಟೆಗಳ ನಡುವಿನ ಸ್ನಾಯುಪರದೆಯಾದ ವಪೆಯನ್ನು ಕೆರಳಿಸಿದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಅಂಗಿ ಎತ್ತಿ ನೋಡಿದರೆ ಎಡಗಡೆಯ ಕೆಳಪಕ್ಕೆಲುಬಿನ ಮೇಲೆ ಕಂದಿದ ಗುರುತು, ಅಂಗೈ ತಣ್ಣಗೆ. ರಕ್ತ ಸೋರುತ್ತಿದ್ದರೆ ನಾಡಿ ಓಡಬೇಕು, ಇವರದು ಏಕೆ ಓಡುತ್ತಿಲ್ಲ? ಅವರ ಜೇಬಿನಲ್ಲಿ ರಕ್ತದೊತ್ತಡಕ್ಕೆ ಕೊಡುವ ಅಟೆನೊಲಾಲ್ ಮಾತ್ರೆಯ ಪಟ್ಟಿ ಇತ್ತು. ಆ ಮಾತ್ರೆ ನುಂಗುವವರ ಹೃದಯ ಗಾಬರಿಯಾದರೂ ಓಡುವುದಿಲ್ಲ. ನಾನು ನಂಬಿದ್ದ 76 ಮಾತ್ರೆಯ ಅಂಕಿ, ರೋಗಿಯದಲ್ಲ.

ಸ್ಕ್ಯಾನಿಂಗ್ ಕೋಣೆಯ ಬೀಗದ ಕೈ ಯಾರ ಬಳಿ ಇದೆ ಎಂದು ಹುಡುಕುತ್ತ ಕೂರಲಿಲ್ಲ. ಎರಡೂ ಕೈಗೆ ದಪ್ಪ ಸೂಜಿ, 10 ನಿಮಿಷದಲ್ಲಿ 1 ಗ್ರಾಂ ಟ್ರಾನೆಕ್ಸಾಮಿಕ್ ಆಮ್ಲ, ರಕ್ತಸ್ರಾವ ತಗ್ಗಿಸುವ ಔಷಧಿ. ಪೆಟ್ಟಾದ 3 ಗಂಟೆಯೊಳಗೆ ಕೊಟ್ಟರೆ ಮಾತ್ರ ಅದಕ್ಕೆ ಅರ್ಥ. ಜಿಲ್ಲಾ ಆಸ್ಪತ್ರೆಯ ಶಸ್ತ್ರವೈದ್ಯರಿಗೆ ಫೋನ್ ಮಾಡಿ, ಕೆಂಪಿನವರ ಜೊತೆಗೆ ಅಜ್ಜನನ್ನೂ ಕಳುಹಿಸಿದೆ. ಮಧ್ಯಾಹ್ನ ಗುಲ್ಮ ತೆಗೆದರು ಎಂದು ತಿಳಿಯಿತು. ಹತ್ತನೆಯ ದಿನ ಅವರು ಮನೆಗೆ ಹೋದರು.

ಈಗ ಹಣೆಯ ಮೇಲೆ ಅಕ್ಷರ ಬರೆಯುವುದಿಲ್ಲ, 1, 2, 3 ಎಂದು ಅಂಕಿ ಬರೆಯುತ್ತೇವೆ. ಹೊಂಗೆಕಟ್ಟೆಗೂ ಒಬ್ಬರನ್ನು ಹಚ್ಚಿದ್ದೇನೆ. 15 ನಿಮಿಷಕ್ಕೊಮ್ಮೆ ಅಲ್ಲಿ ಕುಳಿತವರನ್ನೆಲ್ಲ ಮತ್ತೆ ನೋಡುವುದು, ಏನು ಮಾತ್ರೆ ನುಂಗುತ್ತೀರಿ ಎಂದು ಕೇಳುವುದು ಅವರ ಕೆಲಸ.