ಸಂಜೆಯ ಇಳಿಕೆ ಅಳೆದು ಕಚೇರಿಯ ಗಾಳಿ ಸರಿಪಡಿಸಿದ ನನ್ನ ಅನುಭವ

ಸುಮಾರು ಅರವತ್ತು ಮಂದಿ ಕೂತು ಕೆಲಸ ಮಾಡುವ ಒಂದು ಮಹಡಿಯ ಗಾಳಿಯನ್ನು, ಒಂದೂ ಏರ್ ಪ್ಯೂರಿಫೈಯರ್ ಕೊಳ್ಳದೆ, ಇರುವ ಎಎಚ್‌ಯುವಿನಿಂದಲೇ (ಗಾಳಿಯನ್ನು ಸೋಸಿ, ತಣಿಸಿ ಮಹಡಿಗೆ ಹರಿಸುವ ಯಂತ್ರ) ಸುಸ್ಥಿತಿಗೆ ತರಬಹುದೆಂದು ನಾನು ಹೇಳಿದಾಗ ನಿರ್ವಹಣೆಯ ಗುತ್ತಿಗೆದಾರರು ಒಪ್ಪಲಿಲ್ಲ, ಇದೇ ವೃತ್ತಿಯಲ್ಲಿ ನನಗಿಂತ ಹಿರಿಯರಾದ ಇಬ್ಬರು ಕೂಡ ಒಪ್ಪಲಿಲ್ಲ. ಹೊರಗಾಳಿ ಹೆಚ್ಚಿಸಿದರೆ ವಿದ್ಯುತ್ ಬಿಲ್ಲು ಕಾಲು ಭಾಗ ಏರುತ್ತದೆ, ಜೊತೆಗೆ ಹೊರಗಿನ ಧೂಳೆಲ್ಲ ಒಳಗೆ ಬರುತ್ತದೆ ಎಂಬುದು ಅವರ ವಾದ. ಈಗ ಎಲ್ಲ ಋತುಗಳನ್ನೂ ದಾಟಿದ ಅಂಕಿಗಳು ಕೈಯಲ್ಲಿರುವುದರಿಂದ, ಏನು ಫಲಿಸಿತು, ಏನು ಫಲಿಸಲಿಲ್ಲ ಎಂಬುದನ್ನು ಇದೇ ಕೆಲಸದಲ್ಲಿರುವವರಿಗಾಗಿ ಬರೆಯುತ್ತಿದ್ದೇನೆ.

ನನಗಿಂತ ಮೊದಲು ಅಲ್ಲಿ ಪ್ಯೂರಿಫೈಯರ್‌ಗಳ ಪರೀಕ್ಷೆ ನಡೆದಿತ್ತು. ಮಾರಾಟಗಾರರು ಕೆಲವು ಯಂತ್ರಗಳನ್ನು ತಿಂಗಳ ಮಟ್ಟಿಗೆ ತಂದಿಟ್ಟಿದ್ದರು. ಪಿಎಂ 2.5 (2.5 ಮೈಕ್ರಾನ್‌ಗಿಂತ ಸಣ್ಣ ಧೂಳಿನ ಕಣಗಳು) ನಿಜವಾಗಿಯೂ ಇಳಿಯಿತು, ಆದರೆ ಮಧ್ಯಾಹ್ನದ ತಲೆಭಾರ, ತೂಕಡಿಕೆ, ಉಸಿರುಗಟ್ಟಿದಂತಹ ಭಾವ ಎಂಬ ದೂರುಗಳು ಇದ್ದಲ್ಲೇ ಉಳಿದವು. ಪ್ಯೂರಿಫೈಯರಿನೊಳಗಿನ ಹೆಪಾ ಫಿಲ್ಟರ್ ಕಣಗಳನ್ನು ಹಿಡಿಯುತ್ತದೆ. ಇಂಗಾಲದ ಡೈಆಕ್ಸೈಡನ್ನು ಅದು ಮುಟ್ಟುವುದೇ ಇಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಆ ಮಹಡಿಯಲ್ಲಿ ಅದು 1,900 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ) ಮೀರುತ್ತಿತ್ತು. ಜರ್ಮನಿಯ ಆರೋಗ್ಯಶಾಸ್ತ್ರಜ್ಞ ಪೆಟೆನ್‌ಕೋಫರ್ 1858ರಲ್ಲೇ ಒಳಾಂಗಣಕ್ಕೆ 1,000 ಪಿಪಿಎಂನ ಗಡಿ ಹಾಕಿಕೊಟ್ಟಿದ್ದರೂ ಬಹಳಷ್ಟು ಕಚೇರಿಗಳಲ್ಲಿ ಇಂದಿಗೂ ಅದನ್ನು ಅಳೆಯುವವರೇ ಇಲ್ಲ.

ಅಳತೆಗೆ ಮೊದಲು ಕೊಂಡಿದ್ದ ಅಗ್ಗದ ಮೀಟರುಗಳ ಹಣ ನೀರಿಗೆ ಹೋಯಿತು. ಅವು ಅಳೆಯುವುದು ಆವಿಯಾಗುವ ಸಾವಯವ ಸಂಯುಕ್ತಗಳನ್ನು. ಅದರಿಂದ ಲೆಕ್ಕಹಾಕಿ ಇಂಗಾಲದ ಡೈಆಕ್ಸೈಡ್ ಇಷ್ಟಿರಬಹುದೆಂದು ತೋರಿಸುತ್ತವೆ. ಬೆಳಗ್ಗೆ ನೆಲ ಒರೆಸುವ ದ್ರಾವಣ ಸಿಂಪಡಿಸಿದ ಕೂಡಲೇ, ಒಬ್ಬರೂ ಇಲ್ಲದ ಮಹಡಿಯಲ್ಲಿ ಅವು 2,500 ತೋರಿಸಿದವು. ಆಮೇಲೆ ಇಂಗಾಲದ ಡೈಆಕ್ಸೈಡನ್ನೇ ಅವಗೆಂಪು ಬೆಳಕಿನಿಂದ ಅಳೆಯುವ ಎನ್‌ಡಿಐಆರ್ ಸೆನ್ಸರ್‌ಗಳನ್ನೇ ಆರೇಳು ತರಿಸಿ, ಕೂತವರ ಮೂಗಿನ ಮಟ್ಟದಲ್ಲಿ, ಆದರೆ ಯಾರ ಉಸಿರೂ ನೇರವಾಗಿ ತಗಲದಂತೆ, ಡಿಫ್ಯೂಸರ್ (ಎಎಚ್‌ಯುವಿನ ಗಾಳಿ ಒಳಬರುವ ಬಾಯಿ) ಮತ್ತು ಕಿಟಕಿಗಳಿಂದ ದೂರದಲ್ಲಿ ಇರಿಸಿದೆ. ಇವುಗಳಲ್ಲೂ ಒಂದು ತೊಡಕಿದೆ. ತಾನಾಗಿಯೇ ಮಾಪನಾಂಕ ಸರಿಪಡಿಸಿಕೊಳ್ಳುವ ವ್ಯವಸ್ಥೆಯು ಕೆಲವು ದಿನಗಳಲ್ಲಿ ಕಂಡ ಅತಿ ಕಡಿಮೆ ಅಂಕಿಯನ್ನೇ ಹೊರಗಾಳಿಯ ಮಟ್ಟವೆಂದು ಭಾವಿಸುತ್ತದೆ. ರಾತ್ರಿಪಾಳಿ ಇರುವ ಕಡೆ ಗಾಳಿ ಆ ಮಟ್ಟಕ್ಕೆ ಎಂದೂ ಇಳಿಯದ ಕಾರಣ ಅಂಕಿಗಳು ಕ್ರಮೇಣ ಇನ್ನೂರರಷ್ಟು ಕೆಳಗೆ ಜಾರಬಹುದು. ಆ ವ್ಯವಸ್ಥೆಯನ್ನು ಬಂದ್ ಮಾಡಿ, ಸೆನ್ಸರ್‌ಗಳನ್ನು ತಾರಸಿಗೆ ಒಯ್ದು, ಹೊರಗಾಳಿಯಲ್ಲಿ 420ಕ್ಕೆ ಹೊಂದಿಸಿ ತರುವುದನ್ನು ರೂಢಿ ಮಾಡಿಕೊಂಡೆ. ಈ ಹೊಂದಿಕೆ ಇಲ್ಲದ ಯಾವ ವರದಿಯನ್ನೂ ನಾನು ನಂಬುವುದಿಲ್ಲ.

ಇನ್ನು ಮುಖ್ಯ ವಿಷಯ. ಹಗಲಿನ ಅಂಕಿ ಎಷ್ಟೇ ಇರಲಿ, ಅದರಿಂದ ಹೊರಗಾಳಿಯ ಪ್ರಮಾಣ ನಿಖರವಾಗಿ ತಿಳಿಯುವುದಿಲ್ಲ, ಏಕೆಂದರೆ ಜನ ಬರುತ್ತಾರೆ, ಹೋಗುತ್ತಾರೆ, ಬಾಗಿಲು ತೆರೆಯುತ್ತದೆ. ಎಲ್ಲರೂ ಮನೆಗೆ ಹೊರಟ ಮೇಲೆ ಅಂಕಿ ಇಳಿಯುವ ವೇಗವೇ ಸರಿಯಾದ ಅಳತೆ. ಕಟ್ಟಡದ ಟೈಮರ್ ಆರು ಗಂಟೆಗೆ ಎಎಚ್‌ಯು ನಿಲ್ಲಿಸುತ್ತಿದ್ದುದರಿಂದ ಅದನ್ನು ಒಂಬತ್ತರವರೆಗೆ ಓಡಿಸಲು ಅನುಮತಿ ಪಡೆಯಬೇಕಾಯಿತು, ಮತ್ತು ಆ ಅನುಮತಿಗೆ ಉಳಿದೆಲ್ಲ ಕೆಲಸಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಹೊರಗಿನ 420 ಕಳೆದು ಉಳಿಯುವ ಹೆಚ್ಚುವರಿ ಅರ್ಧಕ್ಕೆ ಇಳಿಯಲು ಎಷ್ಟು ಗಂಟೆ ಬೇಕೆಂದು ನೋಡಿ, 0.69 ಅನ್ನು ಆ ಗಂಟೆಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಸಲ ಗಾಳಿ ಬದಲಾಗುತ್ತದೆಂಬುದು ಸಿಗುತ್ತದೆ. ನಮ್ಮಲ್ಲಿ ಅರ್ಧಕ್ಕಿಳಿಯಲು ಒಂದೂಮುಕ್ಕಾಲು ಗಂಟೆ ಹಿಡಿಯಿತು, ಅಂದರೆ ಗಂಟೆಗೆ 0.4 ಸಲ. ಸುಮಾರು 1,400 ಘನ ಮೀಟರಿನ ಆ ಮಹಡಿಯಲ್ಲಿ ತಲೆಗೆ ಸೆಕೆಂಡಿಗೆ ಎರಡೂವರೆ ಲೀಟರಿನಷ್ಟು ಹೊರಗಾಳಿ ಮಾತ್ರ ಸಿಗುತ್ತಿತ್ತು. ನಾನು ಗುರಿಯಿಟ್ಟಿದ್ದು ಒಂಬತ್ತು, ಹತ್ತು ಲೀಟರಿಗೆ.

ನಿಯಂತ್ರಣ ಕೊಠಡಿಯ ಪರದೆ ಮಾತ್ರ ಹೊರಗಾಳಿ ಡ್ಯಾಂಪರ್ (ಗಾಳಿಯ ದಾರಿಯನ್ನು ತೆರೆದು ಮುಚ್ಚುವ ರೆಕ್ಕೆಗಳು) ಶೇ. 30 ತೆರೆದಿದೆ ಎಂದೇ ಹೇಳುತ್ತಿತ್ತು. ಎರಡೂ ನಿಜವಾಗಲು ಸಾಧ್ಯವಿಲ್ಲವೆಂದು ಗುತ್ತಿಗೆದಾರರು ನನ್ನ ಅಳತೆಯನ್ನೇ ಪ್ರಶ್ನಿಸಿದರು. ಡಕ್ಟಿನ ಮುಚ್ಚಳ ತೆಗೆಸಿ ಅವರನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡು ನೋಡಿದಾಗ, ರೆಕ್ಕೆಗಳನ್ನು ತಿರುಗಿಸುವ ಮೋಟಾರು, ಅಂದರೆ ಆಕ್ಚುಯೇಟರ್, ತಿರುಗುತ್ತಿತ್ತು, ಆದರೆ ಲಿಂಕೇಜಿನ ಸ್ಕ್ರೂ ಸಡಿಲವಾಗಿ ರೆಕ್ಕೆಗಳು ಅಲುಗಾಡುತ್ತಿರಲಿಲ್ಲ. ಅದರಾಚೆ, ಹಕ್ಕಿ ಬಾರದಂತೆ ಹಾಕಿದ್ದ ಜಾಲರಿಯ ಮೇಲೆ ನಾರು, ಧೂಳು ಸೇರಿ ಕಂಬಳಿಯಷ್ಟು ದಪ್ಪದ ಪದರವಾಗಿತ್ತು. ರಿಪೇರಿಗೆ ಅರ್ಧ ದಿನ ಸಾಕಾಯಿತು. ಮುಂದಿನ ಸಂಜೆಗಳಲ್ಲಿ ರೆಕ್ಕೆಗಳನ್ನು ಹಂತಹಂತವಾಗಿ ತೆರೆಯುತ್ತ, ಪ್ರತಿ ಹಂತದಲ್ಲೂ ಇಳಿಕೆ ಅಳೆಯುತ್ತ ಹೋಗಿ, ಅರ್ಧ ಗಂಟೆಗೆ ಹೆಚ್ಚುವರಿ ಅರ್ಧವಾಗುವ ಸ್ಥಿತಿಗೆ ತಂದೆ. ಹಗಲಿನ ಗರಿಷ್ಠ ಅಂಕಿ 950ರ ಆಸುಪಾಸಿಗೆ ಬಂತು.

ಹಣದ ಮಾತಿಗೆ ಬಂದರೆ, ಸೆನ್ಸರ್, ರಿಪೇರಿ, ಫಿಲ್ಟರ್, ಕೂಲಿ ಎಲ್ಲ ಸೇರಿ ಪ್ಯೂರಿಫೈಯರ್‌ಗಳಿಗೆ ಕೇಳಿದ್ದ ಮೊತ್ತದ ಎಂಟನೇ ಒಂದು ಭಾಗದಷ್ಟಾಯಿತು. ವಿದ್ಯುತ್ ಬಿಲ್ಲು ಬಿಸಿಲಿನ ತಿಂಗಳುಗಳಲ್ಲಿ ಶೇ. 5ರಿಂದ 6ರಷ್ಟು ಏರಿತು, ಉಳಿದ ತಿಂಗಳುಗಳಲ್ಲಿ ಏರಿಕೆ ಕಾಣಿಸಲೇ ಇಲ್ಲ. ಕಾಲು ಭಾಗದ ಭಯ ಸುಳ್ಳಾಗಲು ಕಾರಣ, ಜನ ವಿರಳವಾಗಿರುವ ಹೊತ್ತಿನಲ್ಲಿ ಡ್ಯಾಂಪರನ್ನು ಕಿರಿದು ಮಾಡಿ, ಬೆಳಗ್ಗೆ ಜನ ಬರುವ ಮುನ್ನದ ತಂಪು ಹೊತ್ತಿನಲ್ಲಿ ಪೂರ್ತಿ ತೆರೆದು ಮಹಡಿಯನ್ನು ಒಮ್ಮೆ ತೊಳೆದಂತೆ ಮಾಡಿದ್ದು. ಯಾವ ಅಂಕಿಗೆ ಎಷ್ಟು ತೆರೆಯಬೇಕೆಂಬ ನನ್ನ ಕೋಷ್ಟಕವನ್ನು ಇಲ್ಲಿ ಕೊಡುವುದಿಲ್ಲ; ಅದು ನನ್ನ ಹಲವು ಸಂಜೆಗಳ ದುಡಿಮೆ. ಒಂದು ಮಾತ್ರ ಹೇಳುತ್ತೇನೆ, ತೇವದ ದಿನಗಳಲ್ಲಿ ಅಂಕಿಯನ್ನಷ್ಟೇ ನೋಡಿ ತೆರೆಯಬೇಡಿ. ಸಾಪೇಕ್ಷ ಆರ್ದ್ರತೆ ಶೇ. 65 ದಾಟಿದಾಗ ಸೀಲಿಂಗಿನ ಮೂಲೆಗಳಲ್ಲಿ ಮುಗ್ಗುಲು ವಾಸನೆ ಶುರುವಾಯಿತು, ಅಲ್ಲಿಂದ ಆರ್ದ್ರತೆಗೂ ಒಂದು ಮಿತಿ ಸೇರಿಸಿದೆ.

ಧೂಳಿನ ಬಗೆಗಿನ ಆಕ್ಷೇಪದಲ್ಲಿ ಸತ್ಯವಿತ್ತು. ಹೊರಗಾಳಿ ಹೆಚ್ಚಿದ ವಾರವೇ ಒಳಗಿನ ಪಿಎಂ 2.5 ಏರಿತು. ಇದ್ದ ಮರ್ವ್ 8 ಫಿಲ್ಟರ್ (ಮರ್ವ್ ಎಂಬುದು ಫಿಲ್ಟರಿನ ದರ್ಜೆ, ಅಂಕಿ ಹೆಚ್ಚಿದಷ್ಟೂ ಸಣ್ಣ ಕಣಗಳನ್ನು ಹಿಡಿಯುತ್ತದೆ) ತೆಗೆದು, ಅದೇ ಚೌಕಟ್ಟಿಗೆ ಒಂದಂಗುಲ ದಪ್ಪದ ಮರ್ವ್ 13 ಹಾಕಿದ ಮೊದಲ ಪ್ರಯತ್ನ ಸೋತಿತು: ಒತ್ತಡ ಹೆಚ್ಚಿ ಗಾಳಿಯ ಹರಿವು ಸುಮಾರು ಕಾಲು ಭಾಗ ಕುಸಿಯಿತು, ದೂರದ ಮೇಜುಗಳವರು ಸೆಖೆ ಎಂದರು. ನಾಲ್ಕಂಗುಲ ಆಳದ, ಮಡಿಕೆ ಹೆಚ್ಚಿರುವ ಫಿಲ್ಟರಿಗೆ ಹೊಸ ಚೌಕಟ್ಟು ಮಾಡಿಸಿ, ಅಂಚುಗಳಿಗೆ ಗ್ಯಾಸ್ಕೆಟ್ ಹಾಕಿಸಿದ ಮೇಲೆ ಹರಿವು ಮರಳಿತು. ಗ್ಯಾಸ್ಕೆಟ್ಟಿನ ಫಲವೇ ನನಗೆ ಹೆಚ್ಚು ಎನಿಸಿತು, ಏಕೆಂದರೆ ಅಂಚಿನ ಸಂದಿಯಲ್ಲಿ ನುಸುಳುವ ಗಾಳಿಗೆ ಫಿಲ್ಟರಿನ ದರ್ಜೆ ಲೆಕ್ಕಕ್ಕಿಲ್ಲ. ಈಗ ಹೊರಗೆ ಘನ ಮೀಟರಿಗೆ 60 ಮೈಕ್ರೋಗ್ರಾಂ ಇದ್ದ ದಿನ ಒಳಗೆ 15ರಿಂದ 20 ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ದಿನದ ಸರಾಸರಿಗೆ ಸೂಚಿಸಿದ 15ನ್ನು ಹೆಚ್ಚಿನ ದಿನ ಮುಟ್ಟುತ್ತೇವೆ. ಮಂಜು, ತೇವ ಇರುವ ಬೆಳಗುಗಳಲ್ಲಿ ಬೆಳಕಿನ ಚದುರುವಿಕೆಯಿಂದ ಅಳೆಯುವ ಸೆನ್ಸರ್‌ಗಳು ಹೆಚ್ಚು ತೋರಿಸುತ್ತವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಹೇಳುತ್ತಿದ್ದೇನೆ.

ಸಭಾಕೊಠಡಿ ಬೇರೆಯೇ ಪಾಠ ಕಲಿಸಿತು. ಎಂಟು ಜನ ಬಾಗಿಲು ಮುಚ್ಚಿ ಕೂತರೆ ಗಂಟೆಯೊಳಗೆ 2,000 ದಾಟುತ್ತಿತ್ತು. ಗಾಳಿ ಬರಲು ದಾರಿಯಿತ್ತು, ಹೊರಹೋಗಲು ಇರಲಿಲ್ಲ. ಬಾಗಿಲಿನ ಮೇಲ್ಭಾಗದಲ್ಲಿ ಒಂದು ಗ್ರಿಲ್ ಕೂರಿಸಿದ್ದೇ 1,200ಕ್ಕಿಂತ ಕೆಳಗೆ ನಿಂತಿತು. ಮಾತು ಹೊರಗೆ ಕೇಳುತ್ತದೆಂಬ ಆಕ್ಷೇಪ ಬಂದಾಗ, ಒಳಗೆ ತಿರುವುಳ್ಳ, ಶಬ್ದ ಹೀರುವ ಪದರದ ಗ್ರಿಲ್ ಹಾಕಿಸಿದೆ.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಕುಂಡದ ಗಿಡಗಳಿಂದ ಗಾಳಿ ಶುದ್ಧವಾಗುತ್ತದೆಂದು ಹಲವರು ಹೇಳಿದ್ದಕ್ಕೆ ಒಂದು ಮುಚ್ಚಿದ ಕೋಣೆಯಲ್ಲಿ ಗಿಡಗಳನ್ನು ತುಂಬಿಸಿ ಅಳೆದೆ, ವ್ಯತ್ಯಾಸ ಸೆನ್ಸರಿನ ದೋಷಮಿತಿಯೊಳಗೇ ಇತ್ತು. ಆ ನಂಬಿಕೆಗೆ ಮೂಲವಾದ ನಾಸಾದ 1989ರ ಅಧ್ಯಯನ ನಡೆದದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಗಳಲ್ಲಿ, ಕಚೇರಿಯಲ್ಲಲ್ಲ. ಪ್ರಿಂಟರ್ ಕೋಣೆಗೆ ಮಾತ್ರ ಅಮೆರಿಕದ ಇಂಜಿನಿಯರ್ ಕೋರ್ಸಿ ಮತ್ತು ಫಿಲ್ಟರ್ ತಯಾರಕ ರೋಸೆಂಥಾಲ್ 2020ರಲ್ಲಿ ಬಳಕೆಗೆ ತಂದ ಮಾದರಿಯಂತೆ, ಪೆಟ್ಟಿಗೆ ಫ್ಯಾನಿಗೆ ಮರ್ವ್ 13 ಫಿಲ್ಟರ್‌ಗಳನ್ನು ಟೇಪಿನಲ್ಲಿ ಅಂಟಿಸಿ ಇಟ್ಟೆ. ಕಣಗಳು ಬೇಗನೆ ಅರ್ಧಕ್ಕಿಂತ ಕೆಳಗಿಳಿದವು, ಗದ್ದಲ ಮಾತ್ರ ಹೆಚ್ಚು. ನೆಲ ಒರೆಸುವ ಕೆಲಸವನ್ನು ಬೆಳಗಿನಿಂದ ಹಿಂದಿನ ಸಂಜೆಗೆ ಬದಲಿಸಿ, ಸುಗಂಧವಿಲ್ಲದ ದ್ರಾವಣ ತರಿಸಿದ್ದಕ್ಕೆ ಬಿಡಿಗಾಸೂ ಹೆಚ್ಚು ಖರ್ಚಾಗಲಿಲ್ಲ, ಬೆಳಗಿನ ಕಣ್ಣುರಿಯ ದೂರುಗಳು ಬಹುತೇಕ ನಿಂತವು.

ಒಂದೇ ಸೆನ್ಸರ್ ಇಟ್ಟರೂ ಇಡೀ ಮಹಡಿಯ ಸರಾಸರಿ ಹೇಳುವ ಒಂದು ಜಾಗವಿದೆ. ಅದನ್ನು ಕಂಡುಕೊಂಡ ಮೇಲೆ ಉಳಿದ ಸೆನ್ಸರ್‌ಗಳನ್ನು ಮೇಲಿನ ಮಹಡಿಗೆ ಒಯ್ಯಲು ಸಾಧ್ಯವಾಯಿತು. ಅದು ಎಲ್ಲಿ ಎಂದು ಹೇಳುವುದಿಲ್ಲ, ಮಹಡಿಯಿಂದ ಎಎಚ್‌ಯುವಿಗೆ ಮರಳುವ ರಿಟರ್ನ್ ಗಾಳಿಯ ದಾರಿಯನ್ನು ಹಿಡಿದು ಹೋದವರಿಗೆ ತಾನಾಗಿ ಸಿಗುತ್ತದೆ. ಮೇಲಿನ ಮಹಡಿಯಲ್ಲಿ ಈಗ ಹೆಚ್ಚುವರಿ ಅರ್ಧವಾಗಲು ಎರಡು ಗಂಟೆಗೂ ಹೆಚ್ಚು ಹಿಡಿಯುತ್ತಿದೆ. ಡಕ್ಟಿನ ಮುಚ್ಚಳ ತೆಗೆಯಲು ಈ ಸಲ ಗುತ್ತಿಗೆದಾರರೇ ದಿನ ಗೊತ್ತುಮಾಡಿದ್ದಾರೆ.