ಸರಪಳಿ ಹಿಡಿದು ಹುಡುಕಿದ ವಂಶ

ಮೂವತ್ತೆರಡು ವರ್ಷ ಹೊಲ ಅಳೆದವನು ನಾನು. ನಿವೃತ್ತನಾದ ಮೇಲೆ ಮಗಳ ಮನೆಗೆಂದು ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ಗೆ ಹೋದೆ. ಮೊಮ್ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರು. ತಾಯಿಯ ಕಡೆಯದು ನನಗೆ ಬಾಯಿಪಾಠ, ಅವತ್ತು ಸಂಜೆಯೇ ಬರೆಸಿದೆ. ಅಳಿಯ ಅಲ್ಲಿಯವನೇ, ಅವನ ಕಡೆಯದಕ್ಕೆ ಬೀಗಿತ್ತಿ ಒಂದು ಹಳೇ ಬೈಬಲ್ ತಂದು ನನ್ನ ಮುಂದಿಟ್ಟರು. ಅದರೊಳಗಿನ ಹಾಳೆಗಳಲ್ಲಿ ಹುಟ್ಟು, ಮದುವೆ, ಸಾವುಗಳನ್ನು ಬೇರೆಬೇರೆ ಕೈಗಳು ಬರೆದಿದ್ದವು. ಎಲ್ಲಕ್ಕಿಂತ ಹಳೆಯ ಸಾಲು 1811ರದು. ಅದಕ್ಕೂ ಹಿಂದೆ, ಕಾಡು ಕಡಿದು ಮೊದಲು ಅಲ್ಲಿ ನೆಲೆ ನಿಂತ ಅಜ್ಜ, ಕೆಂಟಕಿಗೆ ದಾರಿ ಕಡಿದ ಡೇನಿಯಲ್ ಬೂನ್ ಎಂಬ ಸಾಹಸಿಯ ಜೊತೆ ಬಂದವನು ಎನ್ನುವುದು ಅವರ ಮನೆಯಲ್ಲಿ ಎಲ್ಲರೂ ನಂಬಿಕೊಂಡ ಮಾತು. ಆ ಅಜ್ಜನನ್ನು ಹುಡುಕಲು ನನಗೆ ಎರಡು ಚಳಿಗಾಲ ಬೇಕಾಯಿತು.

ಮೊದಲ ಮೂರು ತಿಂಗಳು ವ್ಯರ್ಥವಾದವು. ನಾನು ಹೆಸರು ಹಿಡಿದು ಹುಡುಕುತ್ತಿದ್ದೆ. ಅದೇ ಹೆಸರಿನ ಮೂವರು ಸಿಕ್ಕರು. ಯಾರೋ ಹಾಕಿದ ವಂಶವೃಕ್ಷವನ್ನು ಇನ್ಯಾರೋ ನಕಲು ಮಾಡಿ, ಒಂದೇ ತಪ್ಪು ನಲವತ್ತು ಕಡೆ ಕುಳಿತಿತ್ತು. ಜನನ ನೋಂದಣಿ ನೋಡೋಣವೆಂದರೆ ಕೆಂಟಕಿಯಲ್ಲಿ ಅದನ್ನು ಮೊದಲು ಪ್ರಯತ್ನಿಸಿದ್ದೇ 1852ರಲ್ಲಿ. ಇಡೀ ರಾಜ್ಯಕ್ಕೆ ಕ್ರಮವಾಗಿ ಬಂದದ್ದು 1911ರಲ್ಲಿ. 1790 ಮತ್ತು 1800ರ ಜನಗಣತಿಯ ಹಾಳೆಗಳು ಉಳಿದೇ ಇಲ್ಲ. ಆಮೇಲಿನವು ಇದ್ದರೂ 1850ರ ತನಕ ಮನೆ ಯಜಮಾನನ ಹೆಸರು ಮಾತ್ರ, ಉಳಿದವರೆಲ್ಲ ವಯಸ್ಸಿನ ಅಂಕಣದಲ್ಲಿ ಬರೀ ಎಣಿಕೆ.

ಒಂದು ದಿನ ಮಗಳು, "ಅಪ್ಪಾ, ಊರಲ್ಲಿ ಯಾರದಾದರೂ ತಕರಾರು ಬಂದರೆ ನೀವು ಮೊದಲು ಏನು ಕೇಳ್ತಿದ್ರಿ?" ಅಂದಳು. ಸರ್ವೆ ನಂಬರು ಕೇಳುತ್ತಿದ್ದೆ. ಮನುಷ್ಯ ಕಾಗದ ಬಿಡದೆ ಹೋಗಬಹುದು, ಜಮೀನು ಹಾಗಲ್ಲ. ಅಲ್ಲಿಂದ ದಾರಿ ತಿರುಗಿತು.

ಕೆಂಟಕಿ ಆಗ ವರ್ಜೀನಿಯಾದ ಭಾಗ. ಜಮೀನು ಬೇಕಾದವನು ಮೊದಲು ಖಜಾನೆಗೆ ಹಣ ಕಟ್ಟಿ ವಾರಂಟ್, ಅಂದರೆ ಇಷ್ಟು ಎಕರೆ ಪಡೆಯುವ ಹಕ್ಕಿನ ಚೀಟಿ, ಕೊಳ್ಳಬೇಕು. ಆಮೇಲೆ ಇಂಥ ತೊರೆಯ ಪಕ್ಕ ಇಷ್ಟು ಎಕರೆ ಅಂತ ಎಂಟ್ರಿ ಮಾಡಿಸಬೇಕು, ನಂತರ ಸರ್ವೆ, ಕೊನೆಗೆ ಗ್ರಾಂಟ್, ಅಂದರೆ ಜಮೀನು ಅವನದೆಂದು ಸರ್ಕಾರ ಕೊಡುವ ಪತ್ರ. ನಾಲ್ಕು ಹಂತ, ನಾಲ್ಕು ಕಡೆ ಹೆಸರು. ಈ ಕಾಗದಗಳು ರಾಜಧಾನಿ ಫ್ರ್ಯಾಂಕ್‌ಫರ್ಟ್‌ನ ಭೂದಾಖಲೆ ಕಚೇರಿಯಲ್ಲಿವೆ. ಸ್ಕ್ಯಾನ್ ಮಾಡಿ ಇಟ್ಟಿರುವುದರಿಂದ ಮನೆಯಲ್ಲೇ ಕೂತು ಓದಬಹುದು.

ಅಪರಿಚಿತ ದಾಖಲೆಗೆ ಕೈ ಹಾಕುವ ಮೊದಲು, ಹಲವರು ಪರೀಕ್ಷಿಸಿ ಒಪ್ಪಿದ ಒಂದನ್ನು ಓದಿ ಕೈ ಪಳಗಿಸಿಕೊಳ್ಳುವುದು ನನ್ನ ಹಳೇ ಪದ್ಧತಿ. ಅದಕ್ಕೆ ಆರಿಸಿಕೊಂಡದ್ದು ಅಧ್ಯಕ್ಷ ಲಿಂಕನ್ನರ ತಾತನನ್ನು. ಅವನ ಹೆಸರೂ ಅಬ್ರಹಾಂ ಲಿಂಕನ್, ವರ್ಜೀನಿಯಾದ ಸೈನ್ಯದಲ್ಲಿ ಕ್ಯಾಪ್ಟನ್. 1780ರಲ್ಲಿ 160 ಪೌಂಡ್ ಕಟ್ಟಿ 400 ಎಕರೆಯ ವಾರಂಟ್ ಪಡೆದ. 1785ರ ಮೇ ತಿಂಗಳಲ್ಲಿ ಲೂಯಿವಿಲ್‌ನ ಪೂರ್ವಕ್ಕೆ ಲಾಂಗ್ ರನ್ ತೊರೆಯ ಬಳಿ ಅಳತೆಯಾಯಿತು. ಆ ಸರ್ವೆಯಲ್ಲಿ 'ಲಿಂಕನ್' ಅಂತ ಹುಡುಕಿದರೆ ಅವನು ಸಿಗುವುದಿಲ್ಲ. ಗುಮಾಸ್ತ ಕಿವಿಗೆ ಬಿದ್ದಂತೆ 'ಲಿಂಕ್‌ಹಾರ್ನ್' ಎಂದು ಬರೆದಿದ್ದಾನೆ. ಅದೇ ಹಾಳೆಯಲ್ಲಿ ಅಳತೆಯ ಸರಪಳಿ ಹಿಡಿದ ಇಬ್ಬರನ್ನು ಮಾತ್ರ 'ಲಿಂಕನ್' ಎಂದೇ ಬರೆದಿದ್ದಾನೆ! ನನಗೆ ಎರಡು ಪಾಠ ಒಟ್ಟಿಗೇ ಸಿಕ್ಕವು. ನಮ್ಮ ಅಜ್ಜನ ಮನೆತನದ ಹೆಸರನ್ನು ಉಚ್ಚಾರಕ್ಕೆ ತಕ್ಕಂತೆ ಆರು ಬಗೆಯಲ್ಲಿ ಬರೆದುಕೊಂಡು ಹುಡುಕಿದೆ, ನಾಲ್ಕನೆಯದರಲ್ಲಿ ಸಿಕ್ಕ. ಇನ್ನು ಸರಪಳಿ ಹಿಡಿಯುವವರು ನಮ್ಮಲ್ಲಿ ಹೇಗೋ ಅಲ್ಲೂ ಹಾಗೇ: ಅಣ್ಣತಮ್ಮ, ಭಾವಮೈದ, ಪಕ್ಕದ ಹೊಲದವನು. ಆ ಹೆಸರುಗಳನ್ನು ಎಂದೂ ಬಿಡಬಾರದು.

ನಮ್ಮ ಅಜ್ಜನ ವಾರಂಟ್‌ನ ವರ್ಷ ನೋಡಿ ಕುರ್ಚಿಯಿಂದ ಎದ್ದೆ. 1782. ಬೂನ್ ದಾರಿ ಕಡಿದದ್ದು 1775ರಲ್ಲಿ. ತೆರಿಗೆ ಪಟ್ಟಿಯಲ್ಲಿ ಅಜ್ಜ ಮೊದಲು ಕಾಣುವುದು 1789ರಲ್ಲಿ, ಎರಡು ಕುದುರೆಗಳ ಜೊತೆ. ಬೂನ್ ಜೊತೆ ಬಂದ ಮಾತು ನಿಲ್ಲುವುದಿಲ್ಲ. ಬೀಗಿತ್ತಿಗೆ ಹೇಗೆ ಹೇಳುವುದೆಂದು ಎರಡು ದಿನ ತಡಮಾಡಿದೆ. ಅವರು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅವರ ಜೊತೆ ನಿಜವಾಗಿ ಯಾರಿದ್ದರು, ಅದನ್ನು ಹುಡುಕಿ" ಅಂದರು.

ಅದಕ್ಕೆ ಅಕ್ಕಪಕ್ಕದ ಜಮೀನು ಕೂಡಿಸಬೇಕಿತ್ತು. ಸರ್ವೆಯಲ್ಲಿ ಅಳತೆಯೆಲ್ಲ 'ಪೋಲ್' ಲೆಕ್ಕ. ಒಂದು ಪೋಲ್ ಅಂದರೆ ಹದಿನಾರೂವರೆ ಅಡಿ, ಎರಡು ಪೋಲ್ ಅಂದರೆ 33 ಅಡಿ. ಇದನ್ನು ಕಂಡಾಗ ಆದ ಸಂತೋಷವನ್ನು ಹೊಲ ಅಳೆದವರೇ ಬಲ್ಲರು. ನಾವು ಎಳೆದ ಸರಪಳಿಯೂ 33 ಅಡಿಯದೇ, ಹದಿನಾರು ಆಣೆಯದು! ಸರಪಳಿ ಚೌಕ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ. ಅವರ ಲೆಕ್ಕದಲ್ಲಿ ನಾಲ್ಕು ಚದರ ಪೋಲ್ ನಮ್ಮ ಒಂದು ಗುಂಟೆ, ಎಕರೆಗೆ 160. ಇಂಗ್ಲೆಂಡಿನ ಎಕರೆಯೇ ಎರಡೂ ಕಡೆ ಹೋಗಿ ಕುಳಿತದ್ದರಿಂದ ಈ ಹೊಂದಿಕೆ. ಆ ಕ್ಷಣದಿಂದ ಆ ಕಾಗದಗಳು ನನಗೆ ಪರದೇಶದವಾಗಿ ಕಾಣಲಿಲ್ಲ.

ಬಾಂದು ಕಲ್ಲುಗಳು ಮಾತ್ರ ಅಲ್ಲಿಲ್ಲ, ಮರಗಳೇ ಗುರುತು. 'ಎರಡು ಬೀಚ್ ಮರ, ಒಂದು ಸಕ್ಕರೆ ಮರದಿಂದ (ಮೇಪಲ್) ಹೊರಟು, ಉತ್ತರಕ್ಕೆ ಇಷ್ಟು ಡಿಗ್ರಿ ಪೂರ್ವವಾಗಿ 180 ಪೋಲ್, ಬಿಳಿ ಓಕ್ ಮರದ ತನಕ' ಎಂಬ ಧಾಟಿಯಲ್ಲಿ ಚಕ್ಕುಬಂದಿ ಸಾಗುತ್ತದೆ. ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಗೆರೆ ಎಳೆಯುತ್ತ ಹೋದರೆ ಕೊನೆಯ ಗೆರೆ ಹೊರಟ ಮರಕ್ಕೆ ಬಂದು ಸೇರಬೇಕು. ನಮ್ಮದು ಹನ್ನೊಂದು ಪೋಲ್ ತಪ್ಪಿತು. ಕಾಡು, ಕಣಿವೆ, ಜೊತೆಗೆ ದಾಳಿಯ ಭಯದಲ್ಲಿ ಅಳೆದದ್ದು. ಅಷ್ಟು ತಪ್ಪನ್ನು ನಾನು ಒಪ್ಪಿಕೊಂಡೆ. ದಿಕ್ಸೂಚಿಯ ಉತ್ತರ ಇನ್ನೂರು ವರ್ಷದಲ್ಲಿ ಸರಿದಿರುತ್ತದೆ, ಹಾಗಾಗಿ ಈಗಿನ ನಕ್ಷೆಯ ಮೇಲೆ ಇಡುವಾಗ ಇಡೀ ಹಾಳೆಯನ್ನು ಸ್ವಲ್ಪ ತಿರುಗಿಸಿ, ತೊರೆಯ ತಿರುವಿಗೆ ಹೊಂದಿಸಿದೆ. ಹೀಗೆ ಹದಿನೇಳು ಜಮೀನು ಬರೆದು, ಕತ್ತರಿಸಿ, ಊಟದ ಮೇಜಿನ ಮೇಲೆ ಜೋಡಿಸಿದೆವು. ಮೊಮ್ಮಗಳು ತುಂಡುಗಳನ್ನು ಹೊಂದಿಸುವುದರಲ್ಲಿ ನನಗಿಂತ ಚುರುಕು.

ಅಜ್ಜನ ಬಿಳಿ ಓಕ್ ಮರವೇ ಪಕ್ಕದ ಜಮೀನಿನವನ ಮೂಲೆಯ ಗುರುತೂ ಆಗಿತ್ತು. ಆ ನೆರೆಯವನ ಉಯಿಲು ತೆಗೆಸಿದೆ. ಅದರಲ್ಲಿ ನಮ್ಮ ಅಜ್ಜನನ್ನು 'ಅಳಿಯ' ಎಂದು ಕರೆದು ಒಂದು ಹಸು, ಒಂದು ಹಾಸಿಗೆ ಮಗಳಿಗೆ ಬಿಟ್ಟಿದ್ದಾನೆ. ಬೈಬಲ್‌ನಲ್ಲಿ ಅಜ್ಜಿಯ ಹೆಸರೊಂದೇ ಇತ್ತು, ತವರು ಇರಲಿಲ್ಲ. ಇನ್ನೂರು ವರ್ಷ ಕಳೆದುಹೋಗಿದ್ದ ತವರು ಒಂದು ಮರದಿಂದ ಸಿಕ್ಕಿತು. ಬೀಗಿತ್ತಿ ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಿದ್ದರು.

ಯಾವ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) ಹುಡುಕಬೇಕು ಎನ್ನುವುದು ಇನ್ನೊಂದು ದೊಡ್ಡ ಕಷ್ಟ. ಹೊಲ ಇದ್ದಲ್ಲೇ ಇದ್ದರೂ ಅದರ ಕೌಂಟಿ ಬದಲಾಗುತ್ತ ಹೋಗುತ್ತದೆ. ಆಗ ಕೆಂಟಕಿ ಎಂಬುದೇ ಒಂದು ಕೌಂಟಿ. 1780ರಲ್ಲಿ ಅದು ಜೆಫರ್ಸನ್, ಫೇಯೆಟ್, ಲಿಂಕನ್ ಎಂದು ಮೂರಾಯಿತು. (ಈ ಲಿಂಕನ್ ಬೆಂಜಮಿನ್ ಲಿಂಕನ್ ಎಂಬ ಸೇನಾನಿ, ನಮ್ಮ ಕಥೆಯವನಲ್ಲ.) 1792ರಲ್ಲಿ ಕೆಂಟಕಿ ರಾಜ್ಯವಾದ ವರ್ಷವೇ ಜೆಫರ್ಸನ್‌ನಿಂದ ಶೆಲ್ಬಿ ಒಡೆಯಿತು. ನಮ್ಮ ಅಜ್ಜನ ಕಾಗದಗಳೂ ಹಾಗೇ ಎರಡು ಕಡೆ ಹಂಚಿಹೋಗಿದ್ದವು. ಅಧ್ಯಕ್ಷ ಲಿಂಕನ್ನರ ತಂದೆತಾಯಿ ಮದುವೆಯಾದದ್ದು 1806ರ ಜೂನ್ 12ರಂದು. ಅದರ ದಾಖಲೆಯನ್ನು ಹಾರ್ಡಿನ್ ಕೌಂಟಿಯಲ್ಲಿ ಹುಡುಕಿದವರಿಗೆ ಏನೂ ಸಿಗಲಿಲ್ಲ. ಅದಿದ್ದದ್ದು ವಾಷಿಂಗ್ಟನ್ ಕೌಂಟಿಯ ಕೋರ್ಟಿನಲ್ಲಿ, ಸಿಕ್ಕಿದ್ದು ಲಿಂಕನ್ ತೀರಿಕೊಂಡ ಮೇಲೆ. ಸ್ವಂತ ತಂದೆತಾಯಿಯ ಲಗ್ನಪತ್ರ ನೋಡದೇ ಹೋದರಲ್ಲ ಅಂತ ನನಗೆ ಈಗಲೂ ಸಂಕಟ.

ಕ್ಯಾಪ್ಟನ್ ಲಿಂಕನ್‌ನನ್ನು 1786ರಲ್ಲಿ, ಹೊಲದಲ್ಲಿ ಕೆಲಸ ಮಾಡುತ್ತಿದ್ದಾಗ, ಮೂಲನಿವಾಸಿಗಳ ಪುಟ್ಟ ತಂಡ ಕೊಂದಿತು. ಹಿರಿಯ ಮಗ ಮೊರ್ಡೆಕಾಯ್ ಗುಡಿಸಲಿನೊಳಗಿಂದ ಗುಂಡು ಹಾರಿಸಿ ಕಿರಿಯ ತಮ್ಮ ಥಾಮಸನನ್ನು ಉಳಿಸಿದ. ಆ ಥಾಮಸನೇ ಮುಂದೆ ಅಧ್ಯಕ್ಷರ ತಂದೆ. ಆಗಿನ ಕಾನೂನಿನಂತೆ ಜಮೀನೆಲ್ಲ ಹಿರಿಮಗನಿಗೆ. ಎಲ್ಲ ಮಕ್ಕಳಿಗೂ ಪಾಲು ಕೊಡುವ ಕಾನೂನು ಬಂದದ್ದು 1787ರ ಜನವರಿಯಿಂದ. ಕೆಲವೇ ತಿಂಗಳ ಅಂತರದಲ್ಲಿ ಥಾಮಸನಿಗೆ ಜಮೀನಿನ ಪಾಲು ತಪ್ಪಿತು. ನಮ್ಮ ಅಜ್ಜ ಸತ್ತದ್ದು ಆ ಕಾನೂನು ಬಂದು ಬಹಳ ವರ್ಷಗಳ ಮೇಲೆ, ಆದ್ದರಿಂದ ಪಾಲುಪತ್ರ ಇರಲೇಬೇಕೆಂದು ಹುಡುಕಿದೆ. ಇತ್ತು. ಎಂಟು ಮಕ್ಕಳು, ಹೆಣ್ಣುಮಕ್ಕಳ ಗಂಡಂದಿರು, ಇಂಡಿಯಾನಾಕ್ಕೆ ಹೋಗಿ ನೆಲೆಸಿದ ಇಬ್ಬರು, ಎಲ್ಲರೂ ಒಂದೇ ಹಾಳೆಯಲ್ಲಿ.

ಆ ದಾಳಿಯನ್ನು ಹೇಳಿದ ಮೇಲೆ ಇದನ್ನೂ ಹೇಳಬೇಕು. ಆ ನೆಲದಲ್ಲಿ ಮೂಲನಿವಾಸಿಗಳಾದ ಶಾನೀ ಜನ ಬೇಟೆಯಾಡುತ್ತಿದ್ದರು. 1768ರ ಫೋರ್ಟ್ ಸ್ಟ್ಯಾನ್‌ವಿಕ್ಸ್ ಒಪ್ಪಂದದಲ್ಲಿ ಅದನ್ನು ಬ್ರಿಟಿಷರಿಗೆ ಬರೆದುಕೊಟ್ಟವರು ಇನ್ನೊಂದು ಮೂಲನಿವಾಸಿ ಕೂಟದ ಇರೊಕ್ವಾಯ್‌ಗಳು. ಶಾನೀಗಳು ಅದನ್ನು ಒಪ್ಪಲಿಲ್ಲ. ನಾನು ಮೇಜಿನ ಮೇಲೆ ಜೋಡಿಸಿದ ಹದಿನೇಳು ತುಂಡುಗಳ ಮೊದಲ ಕಾಗದ ಅದು.

ಅಜ್ಜ ಸತ್ತಾಗ ಬರೆದ ಚರಾಸ್ತಿ ಪಟ್ಟಿ ಕೊನೆಗೆ ಬಂತು. ನೇಗಿಲು, ಕುದುರೆ, ಕಬ್ಬಿಣದ ಕಡಾಯಿ. ನಡುವೆ ಮೂರು ಹೆಸರು: ಒಬ್ಬ ಗಂಡಸು, ಒಬ್ಬ ಹೆಂಗಸು, ಒಂದು ಮಗು. ಎದುರಿಗೆ ಬೆಲೆ. ಮನೆತನದ ಹೆಸರಿಲ್ಲ. ಗುಲಾಮರಾಗಿದ್ದವರೆಲ್ಲರ ಹೆಸರು ಜನಗಣತಿಯಲ್ಲಿ ಬರುವುದು 1870ರಲ್ಲಿ ಮೊದಲು. ಅವರ ಮೊಮ್ಮಕ್ಕಳು ತಮ್ಮ ಹಿರಿಯರನ್ನು ಹುಡುಕುತ್ತ ಅಲ್ಲಿಗೆ ಬಂದು ನಿಲ್ಲುತ್ತಾರೆ. ಅದರಾಚೆಗೆ ಹೋಗಲು ಅನೇಕ ಸಲ ಇಂಥ ಪಟ್ಟಿಯೊಂದೇ ದಾರಿ. ಬೀಗಿತ್ತಿಗೆ ತೋರಿಸಿದೆ. ಅವರು ಬೈಬಲ್ ತೆರೆದು, ಅಜ್ಜನ ಮಕ್ಕಳ ಹೆಸರುಗಳ ಕೆಳಗೆ ಆ ಮೂವರ ಹೆಸರನ್ನೂ ತಮ್ಮ ಕೈಯಾರೆ ಬರೆದರು.

ನಾನು ಊರಿಗೆ ಬಂದು ಆರು ತಿಂಗಳಾಯಿತು. ಬೆಳಿಗ್ಗೆ ಕಾಫಿ ಕುಡಿದ ಮೇಲೆ ಆ ತೊರೆಯ ಆಸುಪಾಸಿನ 1870ರ ಗಣತಿ ಹಾಳೆಗಳನ್ನು ಒಂದೊಂದಾಗಿ ಓದುತ್ತಿದ್ದೇನೆ. ಇವತ್ತಿಗೆ ನಲವತ್ತೊಂದನೆಯದು.